ಎರಡೂ ತುದಿ ಬಿಗಿದಾಗ: ಸಕ್ಕರೆ ಕಾರ್ಖಾನೆಯ ಒಂದು ಫ್ಯಾನ್, ಮೂರು ಬೇರಿಂಗ್

ಹಂಗಾಮು ಶುರುವಾಗಿ 64 ದಿನಗಳಲ್ಲಿ ಒಂದೇ ಫ್ಯಾನಿನ ಮೂರು ಬೇರಿಂಗುಗಳು ಹಾಳಾದವು. ಮೊದಲನೆಯದು 26ನೇ ದಿನಕ್ಕೆ, ಎರಡನೆಯದು ಅಲ್ಲಿಂದ 17 ದಿನಕ್ಕೆ, ಮೂರನೆಯದು ಮತ್ತೆ 21 ದಿನಕ್ಕೆ. ಕೃಷ್ಣಾ ತೀರದ ಆ ಸಕ್ಕರೆ ಕಾರ್ಖಾನೆಯಲ್ಲಿ ಯಂತ್ರಗಳ ನಿರ್ವಹಣೆ ಆಗ ನನ್ನ ಹೊಣೆಯಾಗಿತ್ತು. ಪ್ರತಿ ಸಲವೂ ಹೊಸ ಬೇರಿಂಗ್ ಹಾಕಿಸಿದೆವು, ಫ್ಯಾನ್ ಓಡಿಸಿದೆವು, ಕೆಟ್ಟದ್ದನ್ನು ಗುಜರಿ ರಾಶಿಗೆ ಎಸೆದೆವು. ಕೆಟ್ಟ ಬೇರಿಂಗನ್ನು ಬಿಚ್ಚಿ ಕಣ್ಣಿಟ್ಟು ನೋಡಿದ್ದು ಮೂರನೆಯ ಸಲ ಮಾತ್ರ. ಮೊದಲ ಸಲವೇ ನೋಡಿದ್ದರೆ ಉಳಿದೆರಡು ಕೆಡುತ್ತಿರಲಿಲ್ಲ. ಸಿಮೆಂಟ್ ಕಾರ್ಖಾನೆ, ಕಾಗದದ ಗಿರಣಿ, ಬಾಯ್ಲರ್ ಇಟ್ಟುಕೊಂಡ ಅಕ್ಕಿ ಗಿರಣಿ, ಹೀಗೆ ಬಿಸಿ ಗಾಳಿ ಎಳೆಯುವ ಫ್ಯಾನ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇದೇ ತಪ್ಪು ನಡೆಯಬಹುದು. ಆದ್ದರಿಂದ ಆದದ್ದನ್ನೆಲ್ಲ ಬಿಡದೆ ಬರೆಯುತ್ತಿದ್ದೇನೆ.

ಯಂತ್ರ ಯಾವುದು, ನಿಂತರೆ ಏನಾಗುತ್ತದೆ

ಸಕ್ಕರೆ ಕಾರ್ಖಾನೆಯ ಬಾಯ್ಲರ್ ಉರಿಯುವುದು ರಸ ಹಿಂಡಿದ ಕಬ್ಬಿನ ಸಿಪ್ಪೆಯಿಂದ. ಕಾರ್ಖಾನೆಯ ಮಾತಿನಲ್ಲಿ ಅದು ಬಗಾಸ್. ಉರಿದ ಹೊಗೆಯನ್ನು ಒಲೆಯಿಂದ ಎಳೆದು ಚಿಮಣಿಗೆ ತಳ್ಳುವುದು ಐ.ಡಿ. (ಇಂಡ್ಯೂಸ್ಡ್ ಡ್ರಾಫ್ಟ್) ಫ್ಯಾನಿನ ಕೆಲಸ. ನಮ್ಮ ಎರಡು ಬಾಯ್ಲರುಗಳಲ್ಲಿ ದೊಡ್ಡದರ ಫ್ಯಾನ್ ಇದು. ರೆಕ್ಕೆಗಳಿರುವ ಚಕ್ರ ನಡುವೆ, ಅದರ ಎರಡೂ ಬದಿಗೆ ಒಂದೊಂದು ಪ್ಲಮ್ಮರ್ ಬ್ಲಾಕ್, ಅಂದರೆ ಬೇರಿಂಗ್ ಕೂರುವ ಎರಕದ ಪೆಟ್ಟಿಗೆ. ಎರಡು ಬೇರಿಂಗುಗಳ ನಡುವಿನ ಅಂತರ 2.4 ಮೀಟರ್. ಶಾಫ್ಟ್ (ಚಕ್ರ ಕೂತು ತಿರುಗುವ ಅಚ್ಚು) ಮತ್ತು ಚಕ್ರ ಸೇರಿ ಸುಮಾರು 1.8 ಟನ್ ತೂಕ. ವೇಗ ನಿಮಿಷಕ್ಕೆ 990 ಸುತ್ತು. ಒಳಗೆ ಹರಿಯುವ ಹೊಗೆಯ ಉಷ್ಣತೆ 150 ಡಿಗ್ರಿಯ ಆಸುಪಾಸು.

ಈ ಫ್ಯಾನ್ ನಿಂತರೆ ಒಲೆಯಲ್ಲಿ ಹೊಗೆ ಹಿಂದಕ್ಕೆ ತುಂಬಿಕೊಳ್ಳುತ್ತದೆ, ಬಾಯ್ಲರ್ ಆರಿಸಲೇಬೇಕು. ಉಗಿ ಇಲ್ಲದಿದ್ದರೆ ಗಾಣ ಇಲ್ಲ. ದಿನಕ್ಕೆ 3500 ಟನ್ ಕಬ್ಬು ನುರಿಸುವ ಕಾರ್ಖಾನೆ ಅರ್ಧಕ್ಕೆ ಇಳಿಯುತ್ತಿತ್ತು. ಶಾಫ್ಟ್ ತಣಿಯಲು ಕಾಯುವುದು, ಬಿಚ್ಚುವುದು, ಕೂರಿಸುವುದು, ಮತ್ತೆ ಉಗಿ ಏರಿಸುವುದು ಎಲ್ಲ ಸೇರಿ ಪ್ರತಿ ಸಲ 11 ತಾಸು. ಅಷ್ಟರಲ್ಲಿ 800 ಟನ್ ಕಬ್ಬು ಹಿಂದೆ ಬೀಳುತ್ತಿತ್ತು, ಅಂದರೆ ನಲವತ್ತಕ್ಕೂ ಹೆಚ್ಚು ಟ್ರ್ಯಾಕ್ಟರುಗಳ ಜೋಡಿ ಟ್ರೇಲರ್ ಕಬ್ಬು. ಕಡಿದ ಕಬ್ಬು ಬಿಸಿಲಿಗೆ ನಿಂತಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ತೂಕದ ಕಟ್ಟೆಯಿಂದ ಹೆದ್ದಾರಿಯವರೆಗೆ ಗಾಡಿಗಳ ಸಾಲು ನಿಂತಿತ್ತು. ಎತ್ತುಗಳಿಗೆ ಮೇವು ಹಾಕಿ ಗಾಡಿಯ ಕೆಳಗೆ ಮಲಗಿದ್ದ ರೈತರನ್ನು ದಾಟಿಕೊಂಡೇ ನಾನು ಬಾಯ್ಲರ್ ಮನೆಗೆ ಹೋಗಬೇಕಿತ್ತು. ಬೇರಿಂಗಿನ ಬೆಲೆ ಆ ನಷ್ಟದ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಬೇರಿಂಗಿನ ಸಂಖ್ಯೆ 22220 ಕೆ, ಸಿ3. ಈ ಸಂಖ್ಯೆಯನ್ನು ಬಿಡಿಸಿ ಓದುವುದು ಪ್ರತಿ ಫಿಟ್ಟರಿಗೂ ಗೊತ್ತಿರಬೇಕು. 222 ಎಂದರೆ ಸ್ಫೆರಿಕಲ್ ರೋಲರ್ ಬೇರಿಂಗಿನ ಒಂದು ಶ್ರೇಣಿ. ಕೊನೆಯ 20ನ್ನು 5ರಿಂದ ಗುಣಿಸಿದರೆ ಒಳರಂಧ್ರ 100 ಮಿಲಿಮೀಟರ್. ಹೊರವ್ಯಾಸ 180, ಅಗಲ 46. ಕೆ ಎಂದರೆ ಒಳರಂಧ್ರ ನೇರವಾಗಿಲ್ಲ, 12ಕ್ಕೆ 1ರಂತೆ ಇಳಿಜಾರಾಗಿದೆ. ಅದು ಅಡಾಪ್ಟರ್ ಸ್ಲೀವಿನ ಮೇಲೆ, ಅಂದರೆ ಶಾಫ್ಟಿಗೆ ತೊಡಿಸುವ ಇಳಿಜಾರು ಕೊಳವೆಯ ಮೇಲೆ, ಕೂರುತ್ತದೆ. ಸಿ3 ಎಂದರೆ ರೋಲರಿಗೂ ರೇಸಿಗೂ (ರೋಲರುಗಳು ಉರುಳುವ ಒಳ, ಹೊರ ಉಂಗುರಗಳಿಗೂ) ನಡುವಿನ ಸಡಿಲ ಸಾಮಾನ್ಯಕ್ಕಿಂತ ಒಂದು ಮೆಟ್ಟಿಲು ಹೆಚ್ಚು. ಬಿಸಿಯಾಗುವ ಜಾಗಕ್ಕೆ ಇದನ್ನೇ ಆರಿಸುತ್ತಾರೆ.

ನಾವು ಹಿಡಿದ ತಪ್ಪು ದಾರಿಗಳು

ಮೊದಲ ಬೇರಿಂಗ್ ಹೋದದ್ದು ಫ್ಯಾನಿನ ಆಚೆ ತುದಿಯಲ್ಲಿ, ಮೋಟಾರಿಗೆ ದೂರದ ಕಡೆ. ರಾತ್ರಿ ಪಾಳಿಯಲ್ಲಿ ಉಷ್ಣತೆ 95 ಡಿಗ್ರಿ ದಾಟಿತು, ಗರಗರ ಸದ್ದು ಬಂತು, ನಿಲ್ಲಿಸಿದರು. ಗ್ರೀಸ್ ಕಪ್ಪಾಗಿತ್ತು. ಗ್ರೀಸ್ ಸಾಲಲಿಲ್ಲ ಎಂದು ತೀರ್ಮಾನಿಸಿದೆವು. ಆಮೇಲೆ ಏನಾಯಿತೆಂದರೆ, ಉಷ್ಣತೆ ಸ್ವಲ್ಪ ಏರಿದರೂ ಪಾಳಿಯವರು ಗ್ರೀಸ್ ಗನ್ ಹಿಡಿದು ತುಂಬತೊಡಗಿದರು. ಇದು ಬೆಂಕಿಗೆ ತುಪ್ಪ. ಪ್ಲಮ್ಮರ್ ಬ್ಲಾಕಿನ ಖಾಲಿ ಜಾಗದಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಗ್ರೀಸ್ ಇದ್ದರೆ ಸಾಕು. ಪೂರ್ತಿ ತುಂಬಿದರೆ ರೋಲರುಗಳು ಗ್ರೀಸನ್ನು ಕಡೆಯುತ್ತಲೇ ಇರುತ್ತವೆ, ಆ ಕಡೆತದಿಂದಲೇ ಇನ್ನಷ್ಟು ಬಿಸಿ ಹುಟ್ಟುತ್ತದೆ.

ಎರಡನೆಯದು ಮೋಟಾರ್ ಕಡೆಯದು. ಈಗ ಸಂಶಯ ನಕಲಿ ಮಾಲಿನ ಮೇಲೆ ತಿರುಗಿತು. ನಕಲಿ ಬೇರಿಂಗುಗಳು ಮಾರುಕಟ್ಟೆಯಲ್ಲಿ ಇರುವುದು ನಿಜ. ಹಳೆಯದನ್ನು ಹೊಳಪು ಕೊಟ್ಟು, ಹೊಸ ಗುರುತು ಕೊರೆದು, ಅಸಲಿಯಂತೆ ಕಾಣುವ ಪೆಟ್ಟಿಗೆಯಲ್ಲಿ ಹಾಕಿ ಮಾರುತ್ತಾರೆ. ಪೆಟ್ಟಿಗೆಯ ಮತ್ತು ಗುರುತುಗಳ ಚಿತ್ರಗಳನ್ನು ತಯಾರಕರಿಗೆ ಕಳಿಸಿದೆವು. ಮಾಲು ಅಸಲಿಯೆಂದೇ ಉತ್ತರ ಬಂತು. ಆಮೇಲೆ ಚಕ್ರದ ತೂಕ ಸಮವಿಲ್ಲ ಎಂದು ಬ್ಯಾಲೆನ್ಸ್ ಮಾಡಿಸಿದೆವು. ಅಡ್ಡ ದಿಕ್ಕಿನ ಕಂಪನ ಸೆಕೆಂಡಿಗೆ 3 ಮಿಲಿಮೀಟರಿನ ಒಳಗೆ ಬಂತು. ಅದು ಒಳ್ಳೆಯ ಅಂಕಿ. ಆದರೆ ಶಾಫ್ಟಿನ ಉದ್ದದ ದಿಕ್ಕಿನಲ್ಲಿ ಕಂಪನ ಅದಕ್ಕಿಂತ ಹೆಚ್ಚಿತ್ತು. ಆ ಅಂಕಿ ಬರೆದುಕೊಂಡೆ, ಅದರ ಅರ್ಥ ಕೇಳಿಕೊಳ್ಳಲಿಲ್ಲ.

ಇನ್ನೊಂದು ಸುಳಿವೂ ಕಣ್ಣೆದುರೇ ಇತ್ತು. ಪ್ರತಿ ಸಲ ಬೇರಿಂಗ್ ಬದಲಿಸಿದ ಮೇಲೆ, ಬಾಯ್ಲರ್ ಹಚ್ಚುವ ಮೊದಲು, ಡ್ಯಾಂಪರ್ (ಗಾಳಿಯ ದಾರಿಯ ಕದ) ಮುಚ್ಚಿಟ್ಟು ಫ್ಯಾನನ್ನು ತಣ್ಣಗೆ ಓಡಿಸಿ ನೋಡುತ್ತಿದ್ದೆವು. ಉಷ್ಣತೆ 46 ಡಿಗ್ರಿಗೆ ಏರಿ ಅಲ್ಲೇ ನಿಲ್ಲುತ್ತಿತ್ತು. ಕಂಪನವಿಲ್ಲ, ಸದ್ದಿಲ್ಲ. ಎಲ್ಲರೂ ಸರಿಯಾಯಿತು ಎನ್ನುತ್ತಿದ್ದರು. ಬಾಯ್ಲರ್ ಹಚ್ಚಿ ಮೂರು ನಾಲ್ಕು ತಾಸು ಕಳೆದ ಮೇಲೆ ಎರಡೂ ತುದಿಗಳು 80 ದಾಟುತ್ತಿದ್ದವು. ಕೆಟ್ಟ ಬೇರಿಂಗಾಗಲಿ ಕೆಟ್ಟ ಗ್ರೀಸಾಗಲಿ ತಣ್ಣಗೆ ಓಡಿಸಿದಾಗಲೂ ಸ್ವಲ್ಪವಾದರೂ ತನ್ನ ಗುಣ ತೋರಿಸಬೇಕಿತ್ತು. ಹೊಗೆ ಬಂದ ಮೇಲೆಯೇ ಶುರುವಾಗುವ ಕಾಯಿಲೆ ಹೊಗೆಯ ಬಿಸಿಗೇ ಸಂಬಂಧಪಟ್ಟದ್ದು.

ಬೇರಿಂಗುಗಳ ಬಗೆ, ಕಾರ್ಖಾನೆಯ ಒಂದು ಸುತ್ತಿನಲ್ಲಿ

ಮುಂದಿನ ಭಾಗ ಅರ್ಥವಾಗಬೇಕಾದರೆ ರೋಲರ್ ಬೇರಿಂಗಿನ ಬಗೆಗಳನ್ನು ತಿಳಿದಿರಬೇಕು. ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಒಂದೇ ಪ್ರಶ್ನೆ ಕೇಳಿದರೆ ಸಾಕು: ಈ ಬೇರಿಂಗ್ ಯಾವ ಚಲನೆಯನ್ನು ಹಿಡಿದಿಡುತ್ತದೆ, ಯಾವುದನ್ನು ಬಿಟ್ಟುಕೊಡುತ್ತದೆ?

ಬಾಲ್ ಬೇರಿಂಗಿನಲ್ಲಿ ಗುಂಡು ರೇಸನ್ನು ಒಂದು ಬಿಂದುವಿನಲ್ಲಿ ಮುಟ್ಟುತ್ತದೆ, ರೋಲರ್ ಒಂದು ಗೆರೆಯುದ್ದಕ್ಕೂ ಮುಟ್ಟುತ್ತದೆ. ಗೋಲಿಯ ಮೇಲೆ ಹಲಗೆ ಇಡುವುದಕ್ಕೂ ಪೆನ್ಸಿಲುಗಳ ಮೇಲೆ ಇಡುವುದಕ್ಕೂ ಇರುವ ವ್ಯತ್ಯಾಸ ಇದು. ಆದ್ದರಿಂದ ಅದೇ ಅಳತೆಯಲ್ಲಿ ರೋಲರ್ ಹೆಚ್ಚು ಭಾರ ಹೊರುತ್ತದೆ.

ಸಿಲಿಂಡ್ರಿಕಲ್ ರೋಲರ್ ಬೇರಿಂಗಿನಲ್ಲಿ ರೋಲರುಗಳು ನೇರ ಉರುಳೆಗಳು. ಫ್ಯಾನ್ ಓಡಿಸುವ ನಮ್ಮ ದೊಡ್ಡ ಮೋಟಾರಿನಲ್ಲೇ ಇದು ಇದೆ. ಎನ್‌ಯು ಎಂಬ ಬಗೆಯಲ್ಲಿ ರೋಲರುಗಳನ್ನು ತಡೆಯುವ ಅಂಚುಗಳು ಹೊರ ರೇಸಿನಲ್ಲಿ ಮಾತ್ರ ಇರುತ್ತವೆ, ಒಳ ರೇಸ್ ಬೋಳು. ಹಾಗಾಗಿ ಶಾಫ್ಟ್ ಬಿಸಿಯಾಗಿ ಉದ್ದವಾದರೆ ಒಳ ರೇಸ್ ರೋಲರುಗಳ ಕೆಳಗೇ ಸರಿದುಕೊಳ್ಳುತ್ತದೆ. ಕಪ್ಲಿಂಗ್ (ಮೋಟಾರನ್ನು ಫ್ಯಾನಿನ ಶಾಫ್ಟಿಗೆ ಜೋಡಿಸುವ ಭಾಗ) ಇರುವ ಕಡೆ ಎನ್‌ಯು, ಇನ್ನೊಂದು ಕಡೆ ಬಾಲ್ ಬೇರಿಂಗ್: ಬಾಲ್ ಶಾಫ್ಟನ್ನು ಜಾಗದಲ್ಲಿ ಹಿಡಿಯುತ್ತದೆ, ಎನ್‌ಯು ಬಿಟ್ಟುಕೊಡುತ್ತದೆ. ಎನ್‌ಜೆ ಒಂದು ದಿಕ್ಕಿಗೆ ಮಾತ್ರ ತಡೆಯುತ್ತದೆ, ಎನ್‌ಯುಪಿ ಎರಡೂ ದಿಕ್ಕಿಗೆ. ಸ್ಟೋರಿನಲ್ಲಿ ಒಂದರ ಬದಲು ಇನ್ನೊಂದನ್ನು ಕೊಟ್ಟರೆ ಅಳತೆ ಸರಿಯಾಗಿಯೇ ಕೂರುತ್ತದೆ, ಕೆಲಸ ಮಾತ್ರ ತಲೆಕೆಳಗಾಗುತ್ತದೆ. ಸಿಲಿಂಡ್ರಿಕಲ್ ಬೇರಿಂಗಿನ ಕೊರತೆ ಒಂದೇ: ಶಾಫ್ಟ್ ಓರೆಯಾದರೆ ತಾಳುವುದಿಲ್ಲ. ಒಂದು ಡಿಗ್ರಿಯ ಅರವತ್ತು ಪಾಲುಗಳಲ್ಲಿ ಮೂರು ನಾಲ್ಕು ಪಾಲು ಓರೆಯಾದರೆ ರೋಲರಿನ ಅಂಚು ರೇಸನ್ನು ಕೊರೆಯತೊಡಗುತ್ತದೆ.

ಟೇಪರ್ ರೋಲರ್ ಬೇರಿಂಗ್ ನೋಡಬೇಕೆಂದರೆ ಕಾರ್ಖಾನೆಯೊಳಗೆ ಹೋಗಬೇಕಿಲ್ಲ, ಗೇಟಿನ ಹೊರಗೆ ನಿಂತ ಟ್ರೇಲರುಗಳ ಮತ್ತು ಟೈರ್ ಗಾಡಿಗಳ ಗಾಲಿಯ ಹಬ್ಬಿನಲ್ಲೇ ಇದೆ. ರೋಲರುಗಳು ಶಂಕುವಿನಂತೆ ಒಂದು ಕಡೆ ಸಣ್ಣ. ಭಾರವನ್ನೂ ಪಕ್ಕದ ತಳ್ಳುವಿಕೆಯನ್ನೂ ಒಟ್ಟಿಗೆ ಹೊರುತ್ತದೆ, ಆದರೆ ತಳ್ಳುವಿಕೆಯನ್ನು ಒಂದೇ ದಿಕ್ಕಿಗೆ. ಅದಕ್ಕೇ ಯಾವಾಗಲೂ ಜೋಡಿಯಾಗಿ, ಎದುರುಬದುರು ಮುಖ ಮಾಡಿ ಹಾಕುತ್ತಾರೆ. ಇದನ್ನು ಬಳಕೆಗೆ ತಂದ ಹೆನ್ರಿ ಟಿಮ್ಕೆನ್ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಕುದುರೆಗಾಡಿ ತಯಾರಿಸುತ್ತಿದ್ದವರು. ತಿರುವಿನಲ್ಲಿ ಗಾಲಿಗೆ ಬೀಳುವ ಪಕ್ಕದ ಒತ್ತಡವನ್ನು ತಾಳಿಕೊಳ್ಳಲೆಂದು ಮಾಡಿದ್ದಕ್ಕೆ 1898ರಲ್ಲಿ ಪೇಟೆಂಟ್ ಪಡೆದರು. ಕಬ್ಬಿನ ಗಾಡಿಯಲ್ಲಿ ಇಂದಿಗೂ ಅದು ಅದೇ ಕೆಲಸ ಮಾಡುತ್ತಿದೆ. ನಮ್ಮ ಗೇರ್ ಬಾಕ್ಸುಗಳಲ್ಲೂ ಹಲ್ಲು ಓರೆಯಾಗಿರುವ ಗೇರುಗಳು ಶಾಫ್ಟನ್ನು ಪಕ್ಕಕ್ಕೆ ತಳ್ಳುವುದರಿಂದ ಟೇಪರ್ ಜೋಡಿ ಇರುತ್ತದೆ.

ನೀಡಲ್ ರೋಲರ್ ಬೇರಿಂಗಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೂಜಿಯಂತೆ ತೆಳುವಾದ ಉದ್ದ ರೋಲರುಗಳು, ಜಾಗ ಕಡಿಮೆ ಇರುವಲ್ಲಿ ಬಳಕೆ. ಟ್ರ್ಯಾಕ್ಟರಿನ ಹಿಂದೆ ಬೇರೆ ಯಂತ್ರಗಳಿಗೆ ಶಕ್ತಿ ಕೊಡುವ ಪಿ.ಟಿ.ಒ. ಶಾಫ್ಟಿನ ಕ್ರಾಸಿನಲ್ಲಿ ನಾಲ್ಕು ತುದಿಗೂ ಇದೇ.

ಈಗ ನಮ್ಮ ಫ್ಯಾನಿನದಕ್ಕೆ ಬರೋಣ. ಸ್ಫೆರಿಕಲ್ ರೋಲರ್ ಬೇರಿಂಗಿನಲ್ಲಿ ಪೀಪಾಯಿಯಂತೆ ಹೊಟ್ಟೆ ಉಬ್ಬಿದ ರೋಲರುಗಳು ಎರಡು ಸಾಲಾಗಿ ಇರುತ್ತವೆ. ಹೊರ ರೇಸಿನ ಒಳಮೈ ಗೋಳದ ತುಣುಕು. ಹಾಗಾಗಿ ಒಳ ಭಾಗ ಒಂದೂವರೆ ಡಿಗ್ರಿಯಷ್ಟು ಓರೆಯಾದರೂ ರೋಲರುಗಳು ಎಲ್ಲ ಕಡೆ ಸಮನಾಗಿಯೇ ಕೂರುತ್ತವೆ. ಇದರ ಹಿಂದಿನ ಕತೆ ನನಗೆ ಪ್ರಿಯ. ಸ್ವೀಡನ್ನಿನ ಗೋಥೆನ್‌ಬರ್ಗಿನ ಬಟ್ಟೆ ಗಿರಣಿಯೊಂದರಲ್ಲಿ ಎಂಜಿನಿಯರ್ ಆಗಿದ್ದ ಸ್ವೆನ್ ವಿಂಗ್‌ಕ್ವಿಸ್ಟ್ ಅವರಿಗೆ ಜೇಡಿಮಣ್ಣಿನ ನೆಲ ಕುಸಿದು ಶಾಫ್ಟುಗಳು ಓರೆಯಾಗಿ ಬೇರಿಂಗುಗಳು ಪದೇ ಪದೇ ಹೋಗುವ ಕಾಟವಿತ್ತು. ನೆಲವನ್ನು ತಿದ್ದುವುದು ಅವರ ಕೈಯಲ್ಲಿರಲಿಲ್ಲ. ಓರೆಯನ್ನು ತಾಳಿಕೊಳ್ಳುವ ಬಾಲ್ ಬೇರಿಂಗನ್ನು 1907ರಲ್ಲಿ ರೂಪಿಸಿದರು, ಅದೇ ವರ್ಷ ಎಸ್‌ಕೆಎಫ್ ಕಂಪನಿ ಹುಟ್ಟಿತು. ಅದೇ ಕಂಪನಿಯ ಆರ್ವಿಡ್ ಪಾಲ್ಮ್‌ಗ್ರೆನ್ 1919ರಲ್ಲಿ ಬಾಲಿನ ಬದಲು ಪೀಪಾಯಿ ರೋಲರುಗಳನ್ನಿಟ್ಟು ಸ್ಫೆರಿಕಲ್ ರೋಲರ್ ಬೇರಿಂಗ್ ಮಾಡಿದರು. ಅಂದರೆ ಇದು ಒಬ್ಬ ನಿರ್ವಹಣಾ ಎಂಜಿನಿಯರನ ಬೇಸತ್ತ ಅನುಭವದಿಂದ ಬೆಳೆದು ಬಂದ ವಸ್ತು. ಇಂದು ಕಲ್ಲು ಪುಡಿ ಮಾಡುವ ಕ್ರಷರಿನಲ್ಲಿ, ಕನ್ವೇಯರ್ ಡ್ರಮ್ಮಿನಲ್ಲಿ, ನಮ್ಮ ರೈಲಿನ ಹಳೆಯ ಬಗೆಯ ಐ.ಸಿ.ಎಫ್. ಬೋಗಿಗಳ ಆಕ್ಸಲ್ ಬಾಕ್ಸಿನಲ್ಲಿ ಅದೇ ಇದೆ, ಹೊಸ ಎಲ್.ಎಚ್.ಬಿ. ಬೋಗಿಗಳಲ್ಲಿ ಟೇಪರ್ ರೋಲರುಗಳ ಮುಚ್ಚಿದ ಜೋಡಿ ಬಂದಿದೆ. ಕಬ್ಬು ಹಿಂಡುವ ಗಾಣದ ರೋಲರುಗಳಿಗೂ ಹಲವು ಕಾರ್ಖಾನೆಗಳು ಹಳೆಯ ಗನ್ ಮೆಟಲ್ (ಒಂದು ಬಗೆಯ ಕಂಚು) ಬೇರಿಂಗ್ ತೆಗೆದು ದೊಡ್ಡ ಸ್ಫೆರಿಕಲ್ ಬೇರಿಂಗ್ ಹಾಕಿವೆ.

ಆದರೆ ಓರೆಯನ್ನು ಬಿಟ್ಟುಕೊಡುವ ಈ ಬೇರಿಂಗ್ ಉದ್ದದ ಚಲನೆಯನ್ನು ಬಿಟ್ಟುಕೊಡುವುದಿಲ್ಲ. ತನ್ನೊಳಗೆ ಅರ್ಧ ಮಿಲಿಮೀಟರಿನ ಒಳಗಿನ ಆಟ ಇದ್ದರೆ ಹೆಚ್ಚು. ಶಾಫ್ಟ್ ಅದಕ್ಕಿಂತ ಹೆಚ್ಚು ಸರಿಯಬೇಕಾದರೆ ಇಡೀ ಬೇರಿಂಗೇ ಪ್ಲಮ್ಮರ್ ಬ್ಲಾಕಿನೊಳಗೆ ಜಾರಬೇಕು.

ಮೂರನೆಯದನ್ನು ಓದಿದ ರಾತ್ರಿ

ಮೂರನೆಯ ಬೇರಿಂಗ್ ಮತ್ತೆ ಆಚೆ ತುದಿಯದು. ಅದನ್ನು ಎಸೆಯಬೇಡಿ ಎಂದು ಹೇಳಿ ಡೀಸೆಲಿನಲ್ಲಿ ತೊಳೆಸಿ ಮೇಜಿನ ಮೇಲೆ ಇಡಿಸಿದೆ. ನಮ್ಮ ಹಿರಿಯ ಫಿಟ್ಟರ್, ಎಲ್ಲರೂ ಕಾಕಾ ಎಂದು ಕರೆಯುವವರು, ಹೊರ ರೇಸನ್ನು ಎಡಗೈಯಲ್ಲಿ ಹಿಡಿದು ಒಳ ಭಾಗವನ್ನು ಕದ ತೆರೆದಂತೆ ಅಡ್ಡಕ್ಕೆ ತಿರುಗಿಸಿದರು. ಸ್ಫೆರಿಕಲ್ ಬೇರಿಂಗಿಗೆ ಈ ಅನುಕೂಲವಿದೆ; ಕತ್ತರಿಸದೆಯೇ ಹೊರ ರೇಸಿನ ಒಳಮೈ ಪೂರ್ತಿ ಕಾಣುತ್ತದೆ.

ಟಾರ್ಚ್ ಬಿಟ್ಟು ನೋಡಿದೆವು. ಎರಡು ಸಾಲುಗಳ ಎರಡು ಹಾದಿಗಳು. ಒಂದು ಹಾದಿ ಹೊಸದರಂತೆ ಹೊಳೆಯುತ್ತಿತ್ತು, ಕಾರ್ಖಾನೆಯಲ್ಲಿ ಉಜ್ಜಿದ ಸಣ್ಣ ಗೆರೆಗಳು ಕೂಡ ಮಾಸಿರಲಿಲ್ಲ. ಇನ್ನೊಂದು ಹಾದಿಯಲ್ಲಿ ಬೂದು ಬಣ್ಣದ ಪಟ್ಟಿ, ಅದರ ಮೂರನೇ ಒಂದು ಭಾಗದಲ್ಲಿ ಗಾರೆ ಉದುರಿದ ಗೋಡೆಯಂತೆ ಉಕ್ಕು ಹೆಕ್ಕಳೆಯಾಗಿ ಎದ್ದು ಹೋಗಿತ್ತು. ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುವಷ್ಟು ಆಳ.

ಆ ಬೂದು ಪಟ್ಟಿಯ ಆಕಾರವೇ ಮುಖ್ಯ. ಫ್ಯಾನಿನ ತೂಕವಷ್ಟೇ ಭಾರವಾಗಿದ್ದರೆ, ಹೊರ ರೇಸ್ ತಿರುಗದೆ ಕೂತಿರುವುದರಿಂದ, ಗುರುತು ಕೆಳಭಾಗದಲ್ಲಿ ಮಾತ್ರ ಬಿಲ್ಲಿನಂತೆ ಮೂಡಬೇಕು, ಅದೂ ಎರಡೂ ಸಾಲುಗಳಲ್ಲಿ ಸಮನಾಗಿ. ಇಲ್ಲಿ ಒಂದೇ ಸಾಲಿನಲ್ಲಿ, ಸುತ್ತಲೂ, ಬಳೆಯಂತೆ ಮೂಡಿತ್ತು. ಸುತ್ತಲೂ ಗುರುತು ಬರಬೇಕಾದರೆ ಶಾಫ್ಟನ್ನು ಯಾವುದೋ ಬಲ ಉದ್ದಕ್ಕೆ ತಳ್ಳುತ್ತಿರಬೇಕು.

‘ಕಾಕಾ, ಉದುರಿರುವ ಸಾಲು ಫ್ಯಾನಿನ ಕಡೆಯದೋ, ಹೊರಗಿನ ಕಡೆಯದೋ?’

‘ಹೊರಗಿನ ಕಡೆಯದು, ಸಾಹೇಬರೇ. ನಾನೇ ಬಿಚ್ಚಿದ್ದು.’

ಹಾಗಾದರೆ ಮೋಟಾರ್ ಕಡೆಯ ಬೇರಿಂಗಿನಲ್ಲಿ ಯಾವ ಸಾಲು ಹೋಗಿತ್ತು? ಅದು ಮೂರು ವಾರಗಳ ಹಿಂದೆ ಗುಜರಿ ರಾಶಿ ಸೇರಿತ್ತು. ಕಾಕಾ ಮಾತಾಡದೆ ಎದ್ದು ಹೋದರು. ಮುಕ್ಕಾಲು ತಾಸಿನ ನಂತರ ಗೋಣಿಚೀಲದಲ್ಲಿ ಅದನ್ನು ಹೊತ್ತು ತಂದರು, ಅಂಗಿಯ ತುಂಬ ಬಗಾಸಿನ ಧೂಳು. ಅದರಲ್ಲೂ ಒಂದು ಸಾಲು ಹೊಸದು, ಒಂದು ಸಾಲು ಉದುರಿದ್ದು. ಆದರೆ ರಾಶಿಯಿಂದ ಬಂದ ಬೇರಿಂಗಿಗೆ ಹೊರಗಿನ ಕಡೆ ಯಾವುದು, ಒಳಗಿನ ಕಡೆ ಯಾವುದು ಎಂದು ಹೇಳುವವರು ಯಾರು?

ಅದನ್ನು ಬೇರಿಂಗೇ ಹೇಳಿತು. ಒಳರಂಧ್ರ 12ಕ್ಕೆ 1ರಂತೆ ಇಳಿಜಾರು ಎಂದೆನಲ್ಲ, 46 ಮಿಲಿಮೀಟರ್ ಅಗಲಕ್ಕೆ ಒಂದು ಬಾಯಿ ಇನ್ನೊಂದಕ್ಕಿಂತ ಸುಮಾರು 3.8 ಮಿಲಿಮೀಟರ್ ದೊಡ್ಡದಿರುತ್ತದೆ. ಚಿಕ್ಕ ಬಾಯಿ ಯಾವಾಗಲೂ ಲಾಕ್ ನಟ್, ಅಂದರೆ ಬೇರಿಂಗನ್ನು ಸ್ಲೀವಿನ ಮೇಲೆ ಬಿಗಿಯುವ ನಟ್, ಇರುವ ಕಡೆಗೆ. ನಮ್ಮಲ್ಲಿ ನಟ್ ಹೊರಮುಖವಾಗಿರುವಂತೆಯೇ ಕೂರಿಸುವುದು ವಾಡಿಕೆ. ಕ್ಯಾಲಿಪರ್ ಇಟ್ಟು ಅಳೆದೆವು. ಉದುರಿದ ಸಾಲು ಚಿಕ್ಕ ಬಾಯಿಯ ಕಡೆಗಿತ್ತು, ಅಂದರೆ ಇಲ್ಲೂ ಹೊರಗಿನ ಸಾಲೇ.

ಎರಡು ತುದಿಯ ಬೇರಿಂಗುಗಳೂ ಹೊರಗಿನ ಸಾಲಿನಲ್ಲೇ ನಲುಗಿದ್ದವು. ಶಾಫ್ಟ್ ನಡುವಿನಿಂದ ಎರಡೂ ಕಡೆಗೆ ಹಿಗ್ಗಿ, ಎರಡೂ ಒಳ ರೇಸುಗಳನ್ನು ಹೊರಕ್ಕೆ ನೂಕಿ, ಹೊರಗಿನ ಸಾಲಿನ ರೋಲರುಗಳನ್ನು ರೇಸಿನ ಬಾಗಿದ ಅಂಚಿಗೆ ಒತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಲೆಕ್ಕ, ಮತ್ತು ಆ ಎರಡು ಉಂಗುರಗಳು

ಲೆಕ್ಕ ನಾಲ್ಕನೇ ತರಗತಿಯ ಗುಣಾಕಾರ. ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 0.012 ಮಿಲಿಮೀಟರ್ ಹಿಗ್ಗುತ್ತದೆ. ಶಾಫ್ಟಿನ ಸರಾಸರಿ ಉಷ್ಣತೆ 30ರಿಂದ 110ಕ್ಕೆ ಏರಿದರೆ 80 ಡಿಗ್ರಿ ಏರಿಕೆ. 2.4 ಮೀಟರಿಗೆ 2.3 ಮಿಲಿಮೀಟರ್. ಅಡಿಪಾಯದ ಕಾಂಕ್ರೀಟಿಗೆ ಆ ಬಿಸಿ ತಾಗುವುದಿಲ್ಲ, ಹಾಗಾಗಿ ಪ್ಲಮ್ಮರ್ ಬ್ಲಾಕುಗಳು ಇದ್ದಲ್ಲೇ ಇರುತ್ತವೆ. ಎರಡೂ ಬೇರಿಂಗುಗಳ ಒಳಗಿನ ಆಟ ಸೇರಿಸಿದರೂ ಇದರ ಅರ್ಧಕ್ಕೂ ಬರುವುದಿಲ್ಲ. ಉಳಿದದ್ದು ಬಲವಾಗಿ ಮಾರ್ಪಟ್ಟು ರೋಲರುಗಳ ಮೇಲೆ ಬೀಳುತ್ತದೆ.

ಫ್ಯಾನಿನ ತೂಕದಿಂದ ಒಂದೊಂದು ಬೇರಿಂಗಿಗೆ ಬೀಳುತ್ತಿದ್ದದ್ದು 900 ಕಿಲೋ. 22220ರ ಹೊರುವ ಸಾಮರ್ಥ್ಯದ ಅಂಕಿ 30 ಟನ್ನಿಗೂ ಮಿಕ್ಕಿದ್ದು. ಆ ಲೆಕ್ಕದಲ್ಲಿ ಅದು ನನ್ನ ನಿವೃತ್ತಿಯ ನಂತರವೂ ಓಡಬೇಕು. ಆದರೆ ರೋಲರ್ ಬೇರಿಂಗಿನ ಆಯುಷ್ಯ ಭಾರಕ್ಕೆ ತಕ್ಕಂತೆ ಸುಮ್ಮನೆ ಅರ್ಧಕ್ಕೆ ಇಳಿಯುವುದಿಲ್ಲ. ಭಾರ ಎರಡು ಪಟ್ಟಾದರೆ ಆಯುಷ್ಯ ಹತ್ತನೇ ಒಂದಕ್ಕೆ ಕುಸಿಯುತ್ತದೆ. ಶಾಫ್ಟಿನ ಹಿಗ್ಗುವಿಕೆ ಹುಟ್ಟಿಸುವ ಬಲಕ್ಕೆ ತೂಕದಂತೆ ಮಿತಿಯೂ ಇಲ್ಲ. ಏನಾದರೂ ಜಾರುವವರೆಗೆ, ಬಾಗುವವರೆಗೆ ಇಲ್ಲವೇ ಒಡೆಯುವವರೆಗೆ ಅದು ಏರುತ್ತಲೇ ಹೋಗುತ್ತದೆ. ಜತೆಗೆ ಎರಡು ಸಾಲು ಹೊರಬೇಕಾದದ್ದನ್ನು ಒಂದೇ ಸಾಲು ಹೊರುತ್ತದೆ.

ಹಾಗಾದರೆ ಇಷ್ಟು ವರ್ಷ ಏಕೆ ಹೀಗಾಗಿರಲಿಲ್ಲ? ಈ ಪ್ರಶ್ನೆಗೆ ಉತ್ತರ ಕೊಟ್ಟವರೂ ಕಾಕಾ. ಕಳೆದ ದುರಸ್ತಿ ಕಾಲದಲ್ಲಿ ಹಳೆಯ ಪ್ಲಮ್ಮರ್ ಬ್ಲಾಕುಗಳು ಸವೆದಿವೆಯೆಂದು ಎರಡನ್ನೂ ಹೊಸದಾಗಿ ತರಿಸಿದ್ದೆವು. ‘ಹಳೆಯ ಬ್ಲಾಕಿನಲ್ಲಿ ಆಚೆ ಕಡೆಗೆ ರಿಂಗ್ ಇರಲಿಲ್ಲ, ಸಾಹೇಬರೇ. ಹೊಸದರ ಜೊತೆ ಎರಡೂ ಕಡೆಗೆ ರಿಂಗ್ ಬಂದಿದ್ದವು. ಬಂದದ್ದನ್ನು ಹಾಕದೆ ಬಿಟ್ಟರೆ ತಪ್ಪಾಗುತ್ತದೆ ಎಂದು ಹಾಕಿದೆವು.’

ಅವರು ಹೇಳಿದ್ದು ಲೊಕೇಟಿಂಗ್ ರಿಂಗುಗಳ ಬಗ್ಗೆ. ಈ ಅಳತೆಯ ಬ್ಲಾಕಿನಲ್ಲಿ ಬೇರಿಂಗ್ ಕೂರುವ ತೊಟ್ಟಿಲು 70 ಮಿಲಿಮೀಟರ್ ಅಗಲ, ಬೇರಿಂಗ್ 46. ಉಳಿದ 24ರಲ್ಲಿ ಎರಡು ಬದಿಗೂ 12 ಮಿಲಿಮೀಟರಿನ ಒಂದೊಂದು ರಿಂಗ್ ಇಟ್ಟರೆ ಬೇರಿಂಗ್ ಅಲುಗಾಡದೆ ಬಿಗಿಯುತ್ತದೆ. ಶಾಫ್ಟನ್ನು ಜಾಗದಲ್ಲಿ ಹಿಡಿಯುವ ತುದಿಗೆ ಈ ರಿಂಗುಗಳು ಬೇಕೇ ಬೇಕು. ಇನ್ನೊಂದು ತುದಿಗೆ ಇರಲೇಬಾರದು. ನಾವು ಎರಡೂ ತುದಿಗೆ ಹಾಕಿದ್ದೆವು. ಕೂರಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಫಿಲ್ಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಅಂಕಿಗಳನ್ನು ಬರೆದುಕೊಂಡೆ, ತಪಾಸಣೆ ಹಾಳೆಗೆ ಸಹಿ ಹಾಕಿದೆ. ಆ ಹಾಳೆಯಲ್ಲಿ ರಿಂಗಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಫಿಟ್ಟರನ ತಪ್ಪು ಎಂದು ಬರೆದು ಮುಗಿಸುವುದು ಸುಲಭವಿತ್ತು, ಆದರೆ ಅದು ಸುಳ್ಳಾಗುತ್ತಿತ್ತು. ಯಾವ ತುದಿ ಹಿಡಿಯಬೇಕು, ಯಾವ ತುದಿ ಬಿಡಬೇಕು ಎಂದು ಮೊದಲೇ ತಿಳಿಸಬೇಕಾದವನು ನಾನು.

ಮಾಡಿದ ಕೆಲಸ

ಹಿಡಿಯುವ ತುದಿ ಮೋಟಾರ್ ಕಡೆಯದು ಎಂದು ನಿಗದಿ ಮಾಡಿದೆವು, ಕಪ್ಲಿಂಗಿನ ಅಂತರ ಕದಲಬಾರದೆಂದು. ಅಲ್ಲಿ ಎರಡು ರಿಂಗುಗಳೂ ಉಳಿದವು. ಆಚೆ ತುದಿಯ ರಿಂಗುಗಳನ್ನು ತೆಗೆದು, ಬೇರಿಂಗನ್ನು ತೊಟ್ಟಿಲಿನ ಸರಿಯಾದ ನಡುವೆ ಕೂರಿಸಿದೆವು.

ರಿಂಗ್ ತೆಗೆದರಷ್ಟೇ ಸಾಲದು. ಹೊರ ರೇಸ್ ತೊಟ್ಟಿಲಿನಲ್ಲಿ ನಿಜಕ್ಕೂ ಜಾರುವಂತಿರಬೇಕು. ಮೇಲಿನ ಮುಚ್ಚಳ ಬಿಗಿದಾಗ ರೇಸನ್ನು ಹಿಂಡಿದರೆ ಮತ್ತೆ ಅದೇ ಕತೆ. ತೊಟ್ಟಿಲಿನಲ್ಲಿ ಬಣ್ಣದ ಹನಿ ಒಣಗಿ ಅಂಟಿಕೊಂಡಿದ್ದನ್ನು ಕಾಕಾ ಹೆರೆದು ತೆಗೆದರು. ಸೀಲುಗಳಿಗೂ ಎರಡು ಕಡೆ ಸರಿಯಲು ಜಾಗವಿದೆಯೇ ಎಂದು ನೋಡಿಕೊಂಡೆವು.

ಎರಡೂ ಬದಿಗೆ ಹೊಸ ಬೇರಿಂಗ್. ಕೂರಿಸುವ ಮೊದಲು ಫಿಲ್ಲರ್ ಗೇಜಿನಲ್ಲಿ ರೋಲರಿನ ಸಡಿಲ 0.120 ಮಿಲಿಮೀಟರ್; ಈ ಅಳತೆಯ ಸಿ3 ಬೇರಿಂಗಿಗೆ 0.110ರಿಂದ 0.140ರ ಒಳಗಿರಬೇಕು. ಲಾಕ್ ನಟ್ ಬಿಗಿದಂತೆ ಬೇರಿಂಗ್ ಸ್ಲೀವಿನ ಇಳಿಜಾರನ್ನು ಏರುತ್ತದೆ, ಒಳ ರೇಸ್ ಹಿಗ್ಗುತ್ತದೆ, ಸಡಿಲ ಕುಗ್ಗುತ್ತದೆ. ಆ ಕುಗ್ಗುವಿಕೆ 0.045ರಿಂದ 0.060ರ ನಡುವೆ ಬಂದಾಗ ನಿಲ್ಲಿಸಬೇಕು. 0.070 ಉಳಿದಾಗ ನಿಲ್ಲಿಸಿ, ನಟ್ ಸಡಿಲವಾಗದಂತೆ ವಾಷರಿನ ಕಿವಿ ಮಡಚಿದೆವು. ಸುತ್ತಿಗೆಯ ಏಟಿನ ಸದ್ದು ಕೇಳಿ ಅಂದಾಜಿನಲ್ಲಿ ಬಿಗಿಯುವ ಅಭ್ಯಾಸ ನಮ್ಮ ಕಡೆ ಬಹಳವಿದೆ. ಕೈಯಲ್ಲಿ ಗೇಜ್ ಇರುವಾಗ ಆ ಅಂದಾಜು ಬೇಡ.

ಆಚೆ ತುದಿಗೆ ಸಿಲಿಂಡ್ರಿಕಲ್ ಎನ್‌ಯು ಹಾಕಬಾರದೇಕೆ ಎಂದು ಕಿರಿಯ ಎಂಜಿನಿಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಉದ್ದದ ಚಲನೆಯನ್ನು ಅದು ಚೆನ್ನಾಗಿ ಬಿಟ್ಟುಕೊಡುತ್ತದೆ, ಆದರೆ ಎರಡು ಬೇರೆ ಬೇರೆ ಅಡಿಪಾಯಗಳ ಮೇಲಿನ ಬ್ಲಾಕುಗಳು, ನಡುವೆ ತೂಕಕ್ಕೆ ತುಸು ಬಾಗುವ ಶಾಫ್ಟ್ ಇರುವಲ್ಲಿ ಓರೆಯನ್ನು ತಾಳುವುದಿಲ್ಲ. ಓರೆ ಮತ್ತು ಉದ್ದದ ಚಲನೆ ಎರಡನ್ನೂ ಒಳಗೇ ತಾಳುವ ಟೊರಾಯ್ಡಲ್ ರೋಲರ್ ಬೇರಿಂಗ್ ಎಂಬುದು 1995ರಲ್ಲಿ ಬಂದಿದೆ. ಕಾಗದದ ಯಂತ್ರಗಳ ಬಿಸಿ ಉರುಳೆಗಳಿಗೆ ಅದು ಹೇಳಿ ಮಾಡಿಸಿದ್ದು. ನಮಗೆ ಜಾರುವ ತೊಟ್ಟಿಲೇ ಸಾಕಿತ್ತು, ಹಂಗಾಮಿನ ನಡುವೆ ತರಿಸಿಕೊಳ್ಳಲು ಸಮಯವೂ ಇರಲಿಲ್ಲ.

ಲೆಕ್ಕ ಸರಿಯೇ ಎಂದು ಕಣ್ಣಾರೆ ನೋಡಬೇಕಿತ್ತು. ಆಚೆ ತುದಿಯ ಬ್ಲಾಕಿನ ಪಕ್ಕದಲ್ಲಿ ಶಾಫ್ಟಿನ ಸುತ್ತ ಬಿಳಿ ಬಣ್ಣದಲ್ಲಿ ಸಣ್ಣ ಗೆರೆ ಎಳೆಸಿದೆ. ಅಡಿಪಾಯಕ್ಕೆ ಒಂದು ದಪ್ಪ ತಂತಿ ಕಟ್ಟಿ, ಅದರ ತುದಿ ಗೆರೆಯ ನೇರಕ್ಕೆ ನಿಲ್ಲುವಂತೆ ಬಾಗಿಸಿದೆವು. ಶಾಫ್ಟ್ ತಿರುಗಿದರೂ ಗೆರೆ ಸುತ್ತಲೂ ಇರುವುದರಿಂದ ನಿಂತಂತೆಯೇ ಕಾಣುತ್ತದೆ. ಬಾಯ್ಲರ್ ಹಚ್ಚಿದ್ದು ಬೆಳಗಿನ ಜಾವ. ಮೊದಲ ತಾಸಿನಲ್ಲಿ ಏನೂ ಇಲ್ಲ. ಎರಡನೇ ತಾಸಿಗೆ ಗೆರೆ ತಂತಿಯಿಂದ ಕೂದಲೆಳೆಯಷ್ಟು ಆಚೆ ಸರಿದಿತ್ತು. ನಾಲ್ಕು ತಾಸಾದಾಗ ಉಕ್ಕಿನ ಸ್ಕೇಲ್ ಹಿಡಿದು ನೋಡಿದೆವು: 2 ಮಿಲಿಮೀಟರಿಗಿಂತ ಚೂರು ಹೆಚ್ಚು. ಕಾಕಾ ಬಗ್ಗಿ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಮೂವತ್ತು ವರ್ಷ ಬೇರಿಂಗ್ ಕೂರಿಸಿದ್ದೇನೆ, ಶಾಫ್ಟ್ ಬೆಳೆಯುವುದನ್ನು ಕಂಡದ್ದು ಇವತ್ತೇ ಎಂದರು.

ಉಷ್ಣತೆ ಎರಡೂ ಕಡೆ 60 ದಾಟಿ 64ರ ಒಳಗೆ ನಿಂತಿತು. ಉದ್ದದ ದಿಕ್ಕಿನ ಕಂಪನ ಅಡ್ಡ ದಿಕ್ಕಿನದಕ್ಕಿಂತ ಕೆಳಗಿಳಿಯಿತು. ತಪಾಸಣೆ ಹಾಳೆಯಲ್ಲಿ ಎರಡು ಹೊಸ ಸಾಲು ಸೇರಿಸಿದೆವು: ಹಿಡಿದ ತುದಿ ಯಾವುದು, ಬಿಟ್ಟ ತುದಿಯಲ್ಲಿ ಬೇರಿಂಗಿನ ಎರಡು ಬದಿಗೆ ಉಳಿದ ಜಾಗ ಎಷ್ಟು. ಪ್ಲಮ್ಮರ್ ಬ್ಲಾಕುಗಳ ಮೇಲೂ ಹಳದಿ ಬಣ್ಣದಲ್ಲಿ ‘ಹಿಡಿತ’, ‘ಬಿಡುವು’ ಎಂದು ಬರೆಸಿದೆ. ಉಳಿದ ಫ್ಯಾನುಗಳನ್ನೂ ನೋಡಿದಾಗ ಚಿಕ್ಕ ಬಾಯ್ಲರಿನ ಒಂದು ಫ್ಯಾನಿನಲ್ಲಿ ಎರಡೂ ತುದಿ ಬಿಟ್ಟದ್ದು ಕಂಡಿತು. ಅದೂ ತಪ್ಪೇ, ಶಾಫ್ಟ್ ತೇಲಾಡಿ ಚಕ್ರ ಕವಚಕ್ಕೆ ಉಜ್ಜಬಹುದಿತ್ತು. ಅದನ್ನೂ ಸರಿಪಡಿಸಿದೆವು.

ಹಂಗಾಮು ಮುಗಿಯುವವರೆಗೂ ಆ ಫ್ಯಾನ್ ಬೇರಿಂಗಿಗಾಗಿ ನಿಲ್ಲಲಿಲ್ಲ. ದುರಸ್ತಿ ಕಾಲದಲ್ಲಿ ಎರಡನ್ನೂ ಬಿಚ್ಚಿ ಮೇಜಿನ ಮೇಲಿಟ್ಟೆವು. ಎರಡು ಸಾಲುಗಳಲ್ಲೂ ಸಮನಾದ ತಿಳಿ ಗುರುತು, ಕೆಳಭಾಗದಲ್ಲಿ ಮಾತ್ರ, ಬಿಲ್ಲಿನ ಆಕಾರದಲ್ಲಿ. ಆಚೆ ತುದಿಯ ತೊಟ್ಟಿಲಿನಲ್ಲಿ ಹೊರ ರೇಸ್ ಜಾರಿದ ಕಡೆ ಎರಡು ಮಿಲಿಮೀಟರ್ ಅಗಲದ ಹೊಳಪಿನ ಪಟ್ಟಿ ಮೂಡಿತ್ತು. ತೊಳೆದು, ಸಡಿಲ ಅಳೆದು, ಹೊಸ ಗ್ರೀಸ್ ತುಂಬಿ ಅದೇ ಬೇರಿಂಗುಗಳನ್ನು ಮತ್ತೆ ಕೂರಿಸಿದೆವು.